ಮುಚ್ಚಿದ ಕಮಾನುಗಳ ಚರ್ಚು

ಬ್ಲಾಗಿನ ಕಡೆ ತಲೆ ಹಾಕಿ ಬಹಳ ದಿನ ಆಯ್ತು. ಪ್ರಾಜೆಕ್ಟ್ ನೆಪದಲ್ಲಿ ಲೀಡ್ಸಿಗೆ ಬಂದು ಕೂತಿದ್ದೇನೆ. ಹೋದ ಶನಿವಾರ ಬಿಸಿಲು ಬಿದ್ದಿದ್ದೇ ತಡ, ಯಾರ್ಕ್‌ಶೈರಿನ ವಾರಂ ಪರ್ಸಿಗೆ ಹೊರಟೆ. ಅದೊಂದು ಊರು. ಊರು ಅಂದ್ರೆ, ಊರಿಲ್ಲದ ಊರು. ನಮ್ಮ ಕಂದಾಯ ದಾಖಲೆಯಲ್ಲಿ ಬೇಚರಾಕ್ ಗ್ರಾಮ ಅಂತಾರಲ್ಲ, ಅಂಥದ್ದು. ಮನೆಗಳಿದ್ದ ಜಾಗದಲ್ಲಿ ಹುಲ್ಲು ಬೆಳೆದ ದಿಬ್ಬಗಳಷ್ಟೇ. ನಿಂತಿರೋದು ಸೇಂಟ್ ಮಾರ್ಟಿನ್ ಚರ್ಚು ಒಂದೇ. ಅದಕ್ಕೂ ಸೂರಿಲ್ಲ.

ಚರ್ಚಿನ ಉದ್ದ ಗೋಡೆಯನ್ನು ನೋಡಿದ ಕೂಡಲೇ ಏನೋ ವಿಚಿತ್ರ ಅನಿಸುತ್ತೆ. ಗೋಡೆಯೊಳಗೆ ದೊಡ್ಡ ದೊಡ್ಡ ಕಮಾನುಗಳು ಹೂತು ಕೂತಿವೆ. ಅವುಗಳ ಬಾಯಿಗೆ ಕಲ್ಲು ತುಂಬಿ ಮುಚ್ಚಿದ್ದಾರೆ. ಮೊದಲು ನನಗೂ ಅರ್ಥ ಆಗಲಿಲ್ಲ. ಆಮೇಲೆ ತಿಳಿದದ್ದು, ಈ ಕಮಾನುಗಳು ಒಂದು ಕಾಲದಲ್ಲಿ ಚರ್ಚಿನ ಒಳಗಿದ್ದವು! 12ನೇ ಶತಮಾನದ ಕೊನೆಗೆ ಜನ ಹೆಚ್ಚಾಗಿ ದಕ್ಷಿಣಕ್ಕೊಂದು ಪಕ್ಕದ ಅಂಕಣ ಸೇರಿಸಿದರು, ಆಮೇಲೆ ಉತ್ತರಕ್ಕೊಂದು. ಹೊರಗೋಡೆ ಒಡೆದು, ಅದರ ಜಾಗದಲ್ಲಿ ಕಮಾನಿನ ಸಾಲು. ಮುಂದೆ ಜನ ಕಮ್ಮಿಯಾದಾಗ ಅಂಕಣಗಳನ್ನು ಕೆಡವಿ, ಕಮಾನುಗಳನ್ನು ಮುಚ್ಚಿ ಮತ್ತೆ ಗೋಡೆ ಮಾಡಿದರು. ಬೇಡದ ಕೋಡನ್ನು ಅಳಿಸದೆ ಕಮೆಂಟ್ ಮಾಡಿ ಬಿಡ್ತೀವಲ್ಲ, ಥೇಟ್ ಹಾಗೇ :-) 17ನೇ ಶತಮಾನದಲ್ಲಿ ಪಾದ್ರಿ ಪ್ರಾರ್ಥನೆ ನಡೆಸುವ ಪೂರ್ವದ ಭಾಗವನ್ನೂ ಮೊಟಕು ಮಾಡಿದರು.

ಹಾಗಾದ್ರೆ ಜನ ಎಲ್ಲಿ ಹೋದರು? ಇಂಥ ಊರು ಕಂಡರೆ ಎಲ್ಲರೂ ಹೇಳೋದು ಪ್ಲೇಗು ಅಂತ. ನಾನೂ ಹಾಗೇ ಅಂದ್ಕೊಂಡಿದ್ದೆ. 1349ರ ಮಹಾಮಾರಿ ಇಲ್ಲೂ ಬಂದಿತ್ತು ನಿಜ, ಆದರೆ ಅದಾದ ಮೇಲೂ ಊರು ನೂರೈವತ್ತು ವರ್ಷ ಬದುಕಿತ್ತು. ಮುಗಿಸಿದ್ದು ಕುರಿ! ಉಳುಮೆಗೆ ಆಳು ಸಿಗೋದು ಕಷ್ಟ, ಉಣ್ಣೆಗೆ ಒಳ್ಳೆ ಬೆಲೆ. ಕುರಿ ಕಾಯೋಕೆ ಒಬ್ಬ ಸಾಕು. 1500ರ ಸುಮಾರಿಗೆ ಜಮೀನ್ದಾರ ಕೊನೆಯ ನಾಲ್ಕು ಮನೆಯವರನ್ನೂ ಎಬ್ಬಿಸಿ ಹೊಲವನ್ನು ಹುಲ್ಲುಗಾವಲು ಮಾಡಿದ. ರೋಗ ಅಂದುಬಿಟ್ಟರೆ ಯಾರ ಮೇಲೂ ತಪ್ಪಿಲ್ಲ ನೋಡಿ. ಅದಕ್ಕೇ ಏನೋ ಆ ಕಥೆ ನಮಗೆ ಅಷ್ಟು ಇಷ್ಟ.

ಇದೆಲ್ಲ ಗೊತ್ತಾಗಿದ್ದು ಮಾರಿಸ್ ಬೆರೆಸ್‌ಫರ್ಡ್ ಮತ್ತು ಜಾನ್ ಹರ್ಸ್ಟ್ ಅನ್ನೋ ಇಬ್ಬರಿಂದ. ಬೆರೆಸ್‌ಫರ್ಡ್ ಲೀಡ್ಸಿನ ಆರ್ಥಿಕ ಇತಿಹಾಸಕಾರ. 1950ರಲ್ಲಿ ಶುರುವಾದ ಅಗೆತ ವರ್ಷಾ ವರ್ಷಾ ಬೇಸಿಗೆಯಲ್ಲಿ ನಡೆದು 1990ಕ್ಕೆ ಮುಗಿಯಿತು. ನಲವತ್ತು ವರ್ಷ! ನಮ್ಮ ಮ್ಯಾನೇಜರು ನಾಲ್ಕು ವಾರ ಕೊಡೋದಿಲ್ಲ. ಚರ್ಚಿನ ನೆಲ ಅಗೆದಾಗ ಒಳಗೆ ಇನ್ನೂ ಹಳೆಯ, ಇನ್ನೂ ಚಿಕ್ಕ ಚರ್ಚುಗಳ ಗುರುತು ಸಿಕ್ಕವು. ಸುತ್ತ ಸುಮಾರು 700 ಅಸ್ಥಿಪಂಜರಗಳು. ಮಕ್ಕಳ ಮೂಳೆಯಿಂದಲೇ, ತಾಯಂದಿರು ಒಂದೂವರೆ ವರ್ಷದವರೆಗೆ ಎದೆಹಾಲು ಕೊಡುತ್ತಿದ್ದರು ಅಂತ ಲೆಕ್ಕ ಹಾಕಿದ್ದಾರೆ. ಅದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಊರೇ ಹೋದ ಮೇಲೆ ಚರ್ಚು ಹೇಗೆ ಉಳೀತು ಅಂತೀರಾ? ಅದು ಒಂದೇ ಊರಿನದ್ದಲ್ಲ, ಸುತ್ತಲಿನ ಹಳ್ಳಿಗಳಿಗೂ ಸೇರಿದ್ದು. ಗುಡ್ಡದಾಚೆಯ ಥಿಕ್ಸೆಂಡೇಲಿನವರಿಗೂ ಇದೇ ಚರ್ಚು. 1870ರಲ್ಲಿ ಅವರ ಊರಲ್ಲೇ ಹೊಸ ಚರ್ಚು ಎದ್ದಿತು. ಅಲ್ಲಿಂದ ಇದಕ್ಕೆ ಇಳಿಗಾಲ. 1949ರಲ್ಲಿ ಕೊನೆಯ ಪ್ರಾರ್ಥನೆ. ಆಮೇಲೆ ಯಾರೋ ಚಾವಣಿಯ ಸೀಸ ಕದ್ದರು. 1959ರಲ್ಲಿ ಗೋಪುರದ ಅರ್ಧ ಭಾಗ ಕುಸಿಯಿತು. ಉಳಿದರ್ಧ ಹಾಗೇ ನಿಂತಿದೆ, ಉದ್ದಕ್ಕೆ ಸೀಳಿದ ಹಾಗೆ.

ಆ ಕಡೆ ಬಂದರೆ ಹೋಗಿ ಬನ್ನಿ. ಟಿಕೆಟ್ ಇಲ್ಲ. ಕಾರು ನಿಲ್ಲಿಸಿ ಒಂದು ಕಿಲೋಮೀಟರಿಗೂ ಜಾಸ್ತಿ ಇಳಿಜಾರಿನಲ್ಲಿ ನಡೀಬೇಕು, ಒಳ್ಳೆ ಶೂ ಹಾಕ್ಕೊಳ್ಳಿ. ನಾನು ಚಪ್ಪಲೀಲಿ ಹೋಗಿ ಕೆಸರಲ್ಲಿ ಸಿಕ್ಕಿಬಿದ್ದೆ :-(