ಬೆಸುಗೆಗೆ ಸಾಕ್ಷಿ ಯಾರು?

ಹಿಂದೂಪುರ ಎಂದರೆ ಬೆಲ್ಲದ ಮಂಡಿ, ರೇಷ್ಮೆಗೂಡು. ಕಲ್ಯಾಣದುರ್ಗ ಎಂದರೆ ಶೇಂಗಾ ಹೊಲ. ಎರಡೂ ಹಳೆಯ ಅನಂತಪುರ ಜಿಲ್ಲೆಯ ಊರುಗಳು. 2022ರ ಏಪ್ರಿಲ್‌ನಲ್ಲಿ ಜಿಲ್ಲೆ ಒಡೆದಾಗ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಮಡಕಶಿರಾ, ರೊಳ್ಳ, ಅಮರಾಪುರದ ಕಡೆ ಇಂದಿಗೂ ಕನ್ನಡ ಮಾತಾಡುವ ಈ ಸೀಮೆಯ ಹೆಸರು ಕಾರು ಉದ್ಯಮದ ನಕ್ಷೆಗೆ ಸೇರಿದ್ದು ತೀರ ಈಚೆಗೆ. 2017ರ ಏಪ್ರಿಲ್‌ನಲ್ಲಿ ಕೊರಿಯಾದ ಕಿಯಾ ಕಂಪನಿ ಆಂಧ್ರ ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡಿತು. ಪೆನುಕೊಂಡದ ಬಳಿಯ ಎರ್ರಮಂಚಿಯಲ್ಲಿ ಕಾರ್ಖಾನೆ ಎದ್ದಿತು. 2019ರ ಆಗಸ್ಟ್‌ನಲ್ಲಿ ಮೊದಲ ಸೆಲ್ಟೋಸ್ ಕಾರು ಹೊರಬಂತು. ಹೆದ್ದಾರಿ ಬದಿಯ ಹೋಟೆಲುಗಳಿಗೆ ಕೊರಿಯನ್ ಅಕ್ಷರದ ಬೋರ್ಡುಗಳೂ ಬಂದವು.

ಇಂಥ ಕಾರೊಂದರಲ್ಲಿ ಸಾವಿರಾರು ಬೆಸುಗೆಗಳಿರುತ್ತವೆ. ಎಂಜಿನ್ನಿಗೆ ಎಷ್ಟು ಪೆಟ್ರೋಲ್ ಬಿಡಬೇಕು, ಏರ್‌ಬ್ಯಾಗ್ ಯಾವಾಗ ಬಿಚ್ಚಿಕೊಳ್ಳಬೇಕು ಎಂದು ತೀರ್ಮಾನಿಸುವ ಸರ್ಕ್ಯೂಟ್ ಹಲಗೆಗಳ ಮೇಲೆ, ಸಾಸಿವೆಗಿಂತ ಸಣ್ಣ ಲೋಹದ ತುಣುಕುಗಳು ಅವು. ಅವು ಗಟ್ಟಿ ಎಂದು ಹೇಳುವ ಹಕ್ಕು ಯಾರದು ಎಂಬುದಕ್ಕೆ ಒಂದು ಇತಿಹಾಸವಿದೆ.

ಮೊದಲು ಆ ಹಕ್ಕು ಕಣ್ಣಿನದಾಗಿತ್ತು. ದಕ್ಷಿಣದ ಎಲ್ಲ ಊರುಗಳಂತೆ ಇಲ್ಲಿಗೂ ಕಲಾಯಿ ಹಾಕುವವರು ಬರುತ್ತಿದ್ದರು. ನೆಲದಲ್ಲಿ ಗುಂಡಿ ತೋಡಿ, ಇದ್ದಿಲು ಸುರಿದು, ತಿದಿ ಒತ್ತಿ, ಹಿತ್ತಾಳೆ ಪಾತ್ರೆಯನ್ನು ಕಾಯಿಸುವುದು. ಚಿಟಿಕೆ ನವಸಾಗರ ಎರಚಿದೊಡನೆ ಬಿಳಿ ಹೊಗೆ ಏಳುತ್ತದೆ, ಲೋಹದ ಮೇಲಿನ ಕಿಲುಬು ಬಿಡುತ್ತದೆ. ತವರದ ಕಡ್ಡಿಯನ್ನು ಮುಟ್ಟಿಸಿ ಹತ್ತಿಯಿಂದ ಉಜ್ಜಿದರೆ ಬೆಳ್ಳಿಯಂಥ ಪದರ ಪಾತ್ರೆಯ ಒಳಗೆಲ್ಲ ಹರಡುತ್ತದೆ. ಮನೆಯಾಕೆ ಪಾತ್ರೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಹೊಳಪು ಎಲ್ಲೂ ಕಡಿದಿರದಿದ್ದರೆ ಕೂಲಿ. ಮುಂದಿನ ಪರೀಕ್ಷೆ ಹುಣಿಸೆಹುಳಿಯ ಸಾರಿನದು.

ರೇಡಿಯೋ ಕಾಲದಲ್ಲೂ ಈ ನ್ಯಾಯ ಬದಲಾಗಲಿಲ್ಲ. ಬೆಂಗಳೂರಿಗೆ 1948ರಲ್ಲಿ ದೂರವಾಣಿ ಕಾರ್ಖಾನೆ ಐಟಿಐ, 1954ರಲ್ಲಿ ವಿದ್ಯುನ್ಮಾನ ಕಾರ್ಖಾನೆ ಬಿಇಎಲ್ ಬಂದವು. ರಿಪೇರಿ ಅಂಗಡಿಗಳಲ್ಲಿ ‘ಅರವತ್ತು-ನಲವತ್ತು’ ತಂತಿ ಮಾಮೂಲಾಯಿತು: 60 ಪಾಲು ತವರ, 40 ಪಾಲು ಸೀಸ, ಒಳಗೆ ಕಿಲುಬು ಬಿಡಿಸುವ ರಾಳದ ಫ್ಲಕ್ಸ್. ಒಳ್ಳೆಯ ಬೆಸುಗೆ ಫಳಫಳ ಹೊಳೆಯುತ್ತದೆ. ಮಂಕಾಗಿದ್ದರೆ ಅದು ‘ಡ್ರೈ ಸೋಲ್ಡರ್’, ಮತ್ತೆ ಕಾಯಿಸಬೇಕು. ಶಿಷ್ಯನಿಗೆ ಗುರು ಕಲಿಸುತ್ತಿದ್ದ ಮೊದಲ ಪಾಠವೇ ಇದು.

ಆದರೆ ನವಸಾಗರವನ್ನು ಮಾತ್ರ ಸರ್ಕ್ಯೂಟಿನ ಹತ್ತಿರ ಸುಳಿಯಗೊಡಬಾರದು. ಪಾತ್ರೆಯನ್ನಾದರೆ ತೊಳೆದರಾಯಿತು. ಹಲಗೆಯ ಮೇಲೆ ಉಳಿದ ಅದರ ಕ್ಲೋರೈಡ್ ತೇವ ಹೀರುತ್ತದೆ, ವಿದ್ಯುತ್ ಸೇರಿದಾಗ ಒಂದು ಗೆರೆಯಿಂದ ಇನ್ನೊಂದಕ್ಕೆ ಲೋಹದ ಬೇರು ಬೆಳೆಸುತ್ತದೆ. ಅದಕ್ಕೇ ಫ್ಲಕ್ಸ್‌ಗೆ ಪ್ರತ್ಯೇಕ ಪರೀಕ್ಷೆ ಹುಟ್ಟಿತು. ಅರ್ಧ ಮಿಲಿಮೀಟರ್ ಅಂತರದಲ್ಲಿ ಬಾಚಣಿಗೆ ಹಲ್ಲಿನಂತೆ ಎದುರುಬದುರಾಗಿ ಹೆಣೆದ ತಾಮ್ರದ ಗೆರೆಗಳಿಗೆ ಫ್ಲಕ್ಸ್ ಹಚ್ಚಿ, 40 ಡಿಗ್ರಿ ಶಾಖ, ಶೇ. 90 ತೇವಾಂಶದಲ್ಲಿ ಏಳು ದಿನ ಇಡುತ್ತಾರೆ. ಗೆರೆಗಳ ನಡುವಿನ ರೋಧ 100 ಮೆಗಾಓಮ್‌ಗಿಂತ ಕೆಳಗಿಳಿಯಬಾರದು. ಅಮೆರಿಕದ ಐಪಿಸಿ ಸಂಸ್ಥೆಯ ‘ಜೆ-ಸ್ಟ್ಯಾಂಡರ್ಡ್ 004’ ಇದನ್ನು ನಿಗದಿಪಡಿಸುತ್ತದೆ. ಮಿಶ್ರಲೋಹಗಳಿಗೆ ‘006’ ಇದೆ. ಭಾರತದಲ್ಲಿ ಮೆದು ಬೆಸುಗೆ ಲೋಹಕ್ಕೆ ಐಎಸ್ 193 ಇದೆ.

ಕಾರಿನ ಪಾಡೇ ಬೇರೆ. ಮನೆಯ ರೇಡಿಯೋ ನೆರಳಿನಲ್ಲಿ ಕೂತಿರುತ್ತದೆ. ಕಾರು ಕಲ್ಯಾಣದುರ್ಗದ ಏಪ್ರಿಲ್ ಬಿಸಿಲಲ್ಲಿ ನಿಂತು, ಎಂಜಿನ್ ಕಾವಿಗೆ ಬೆಂದು, ರಾತ್ರಿ ತಣಿಯುತ್ತದೆ. ಹಲಗೆ ಹಿಗ್ಗಿದಷ್ಟು ಅದರ ಮೇಲಿನ ಪಿಂಗಾಣಿ ಬಿಡಿಭಾಗ ಹಿಗ್ಗುವುದಿಲ್ಲ. ಆ ವ್ಯತ್ಯಾಸವನ್ನೆಲ್ಲ ಬೆಸುಗೆಯೇ ನುಂಗಬೇಕು. 63-37ರ ತವರ-ಸೀಸ ಕರಗುವುದು 183 ಡಿಗ್ರಿಗೆ. ಎಂಜಿನ್ ಪಕ್ಕದ ಹಲಗೆ 125 ಮುಟ್ಟಿದರೆ ಕರಗಲು ಉಳಿದದ್ದು 58 ಡಿಗ್ರಿ ಮಾತ್ರ. ಅಷ್ಟರಲ್ಲಿ ಲೋಹ ನಿಧಾನಕ್ಕೆ ಜರುಗತೊಡಗುತ್ತದೆ. ಬಿಸಿ-ತಂಪಿನ ಈ ದಣಿವನ್ನು ಅಮೆರಿಕದ ಕಾಫಿನ್ ಮತ್ತು ಮ್ಯಾನ್ಸನ್ ಎಂಬ ವಿಜ್ಞಾನಿಗಳು 1950ರ ದಶಕದಲ್ಲೇ ಬೇರೆ ಬೇರೆಯಾಗಿ ಸೂತ್ರಕ್ಕಿಳಿಸಿದ್ದರು.

ಇಂಥ ಹಲಗೆಗಳು ಕಾರಿನೊಳಗೆ ಬಂದದ್ದು ಹಂತಹಂತವಾಗಿ. ಬಾಷ್ ಕಂಪನಿ 1967ರಲ್ಲಿ ವಿದ್ಯುನ್ಮಾನ ಇಂಧನ ಪೂರೈಕೆಯನ್ನೂ 1979ರಲ್ಲಿ ಇಂಧನ, ಕಿಡಿ ಎರಡನ್ನೂ ಒಟ್ಟಿಗೆ ನಿಯಂತ್ರಿಸುವ ಮೋಟ್ರಾನಿಕ್ ಅನ್ನೂ ಕಾರಿಗೆ ತಂದಿತು. ಭಾರತದಲ್ಲಿ ಕಾರ್ಬ್ಯುರೇಟರನ್ನು ಮೂಲೆಗೆ ತಳ್ಳಿದ್ದು ಹೊಗೆಯ ಕಾನೂನು. 1999ರಲ್ಲಿ ಸುಪ್ರೀಂ ಕೋರ್ಟ್ ದೆಹಲಿಗೆ ಯೂರೋ ಮಾನದಂಡ ವಿಧಿಸಿತು, 2020ರ ಏಪ್ರಿಲ್ 1ಕ್ಕೆ ದೇಶವೇ ಬಿಎಸ್-6ಕ್ಕೆ ಬಂತು.

ಅಷ್ಟರಲ್ಲಿ ಸೀಸಕ್ಕೆ ಕುತ್ತು ಬಂದಿತ್ತು. ಯುರೋಪ್ 2006ರ ಜುಲೈ 1ರಿಂದ ಮನೆಬಳಕೆಯ ವಿದ್ಯುನ್ಮಾನದಲ್ಲಿ ಸೀಸವನ್ನು ನಿಷೇಧಿಸಿತು. ಕಾರುಗಳಿಗೆ ಬೇರೆಯೇ ಕಾನೂನು, ಅದರಲ್ಲಿ ಸರ್ಕ್ಯೂಟ್ ಹಲಗೆಯ ಬೆಸುಗೆಗೆ ವರ್ಷಗಟ್ಟಲೆ ವಿನಾಯಿತಿ. ಬ್ರೇಕಿನ ಜವಾಬ್ದಾರಿ ಹೊತ್ತ ಲೋಹವನ್ನು ಅವಸರದಲ್ಲಿ ಬದಲಿಸಲು ಯಾರಿಗೂ ಧೈರ್ಯವಿರಲಿಲ್ಲ. ಅದು ಸರಿಯಾದ ಅಂಜಿಕೆಯೇ. ಕೊನೆಗೆ ಬಂದದ್ದು 96.5 ಪಾಲು ತವರ, 3 ಪಾಲು ಬೆಳ್ಳಿ, ಅರ್ಧ ಪಾಲು ತಾಮ್ರದ ‘ಎಸ್‌ಎಸಿ 305’. ಇದು ಕರಗಲು ಸುಮಾರು 217 ಡಿಗ್ರಿ ಬೇಕು. ಚೆನ್ನಾಗಿ ಕೂತ ಬೆಸುಗೆಯೂ ಇದರಲ್ಲಿ ಮಂಕಾಗಿ, ತರಿತರಿಯಾಗಿ ಕಾಣುತ್ತದೆ. ಹೊಳಪು ನೋಡಿ ತೀರ್ಪು ಕೊಡುತ್ತಿದ್ದ ಕಣ್ಣು ಅಲ್ಲಿಗೆ ಅಧಿಕಾರ ಕಳೆದುಕೊಂಡಿತು.

ಅದರ ಜಾಗಕ್ಕೆ ಬಂದದ್ದು ಬಿಸಿ-ತಂಪಿನ ಪೆಟ್ಟಿಗೆ. ಹಲಗೆಗಳನ್ನು ಮೈನಸ್ 40ರಿಂದ 125 ಡಿಗ್ರಿಗೆ ಏರಿಸುವುದು, ಇಳಿಸುವುದು. ಒಂದು ಸುತ್ತಿಗೆ ಒಂದು ಗಂಟೆ ಹಿಡಿದರೆ 1000 ಸುತ್ತಿಗೆ 42 ದಿನ. ಆಮೇಲೆ ಬೆಸುಗೆಯನ್ನು ರೆಸಿನ್‌ನಲ್ಲಿ ಹೂತು, ಅಡ್ಡ ಕೊಯ್ದು, ಉಜ್ಜಿ, ಸೂಕ್ಷ್ಮದರ್ಶಕದಲ್ಲಿ ಬಿರುಕು ಹುಡುಕುವುದು. ಎಸ್‌ಎಸಿಗೂ ತಡೆಯಲಾಗದ 150 ಡಿಗ್ರಿಯ ಜಾಗಗಳಿಗೆಂದು ಬಿಸ್ಮತ್, ಆಂಟಿಮನಿ, ನಿಕ್ಕಲ್ ಬೆರೆಸಿದ ‘ಇನ್ನೊಲಾಟ್’ ಜರ್ಮನಿಯಲ್ಲಿ ಹುಟ್ಟಿತು.

ತವರಕ್ಕೆ ಇನ್ನೊಂದು ಕೆಟ್ಟ ಚಾಳಿ ಇದೆ: ಅದರ ಮೈಮೇಲೆ ತಾನಾಗಿ ವಿದ್ಯುತ್ ಹರಿಯಬಲ್ಲ ಲೋಹದ ಕೂದಲು ಬೆಳೆಯುತ್ತದೆ. ಸೀಸ ಬೆರೆಸಿದರೆ ಅದು ತಗ್ಗುತ್ತದೆಂದು ಬೆಲ್ ಲ್ಯಾಬ್ಸ್ 1950ರ ದಶಕದಲ್ಲೇ ಕಂಡುಕೊಂಡಿತ್ತು. 2011ರ ನಾಸಾ ವರದಿಯಲ್ಲಿ ಟೊಯೋಟಾ ಕ್ಯಾಮ್ರಿಯ ಆಕ್ಸಿಲರೇಟರ್ ಸಂವೇದಕವೊಂದರಲ್ಲಿ ಇಂಥ ಕೂದಲು ಸಿಕ್ಕಿದ ಉಲ್ಲೇಖವಿದೆ. ಕಾರು ತಾನಾಗಿ ನುಗ್ಗಿತೆಂಬ ದೂರುಗಳಿಗೆ ವಿದ್ಯುನ್ಮಾನ ದೋಷವೇ ಕಾರಣ ಎನ್ನಲು ಮಾತ್ರ ನಾಸಾಗೆ ಪುರಾವೆ ದೊರೆಯಲಿಲ್ಲ.

ಇಷ್ಟಾದ ಮೇಲೂ ಕಾರಿನ ಬೆಸುಗೆಗೆ ಚಿನ್ನದ ಹಾಲ್‌ಮಾರ್ಕಿನಂಥ ಒಂದೇ ಮುದ್ರೆ ಇಲ್ಲ. ಕ್ರೈಸ್ಲರ್, ಫೋರ್ಡ್, ಜನರಲ್ ಮೋಟಾರ್ಸ್ ಸೇರಿ ಕಟ್ಟಿದ ಆಟೊಮೋಟಿವ್ ಎಲೆಕ್ಟ್ರಾನಿಕ್ಸ್ ಕೌನ್ಸಿಲ್ 1994ರಲ್ಲಿ ‘ಕ್ಯೂ100’ ಪರೀಕ್ಷಾಪಟ್ಟಿ ತಂದಿತು. ಅದು ಚಿಪ್‌ಗಳಿಗೆ, ಬೆಸುಗೆಗಲ್ಲ. ಅಲ್ಲಿಯೂ ಪ್ರಮಾಣಪತ್ರ ಕೊಡುವವರು ಕೌನ್ಸಿಲ್‌ನವರಲ್ಲ. ತಯಾರಕ ಪರೀಕ್ಷೆಯ ಅಂಕಿಅಂಶ ಮುಂದಿಡುತ್ತಾನೆ, ಕೊಳ್ಳುವವನು ಒಪ್ಪಿ ಸಹಿ ಹಾಕುತ್ತಾನೆ. ಬೆಸುಗೆಯ ವ್ಯವಹಾರವೂ ಹೀಗೆಯೇ. ಬೆಂಗಳೂರಿನ ಪೀಣ್ಯದಲ್ಲಿರುವ ಸರ್ಕಾರಿ ಇಟಿಡಿಸಿಯಂಥ ಪ್ರಯೋಗಾಲಯಗಳ ವರದಿಗಳೂ ಆ ಕಡತಗಳಿಗೆ ಸೇರುವಂಥವು.

ವಾರಂಟಿ ಮುಗಿದ ಮೇಲೆ ಕಾರು ಆ ಕಡತದಿಂದ ಹೊರಬೀಳುತ್ತದೆ. ಎಂಜಿನ್ ನಿಯಂತ್ರಿಸುವ ಇಸಿಯು ಕಂಪನಿಯಿಂದ ಹೊಸದು ಕೊಂಡರೆ ದುಬಾರಿಯಾದ್ದರಿಂದ ಹಳೆಯದನ್ನೇ ಬಿಚ್ಚಿ ಸರಿಮಾಡಿಕೊಡುವ ಅಂಗಡಿಗಳು ಊರೂರಲ್ಲಿ ಹುಟ್ಟಿವೆ. ಅಲ್ಲಿ ಕೈಗೆ ಸುಲಭವಾಗಿ ಸಿಗುವುದು ಹಳೆಯ ಅರವತ್ತು-ನಲವತ್ತು ತಂತಿ. ಸೀಸವಿಲ್ಲದ ಬೆಸುಗೆಯ ಮೇಲೆ ಅದು ಕರಗಿ ಕೂತಾಗ ಆಗುವ ಮಿಶ್ರಲೋಹಕ್ಕೆ ಕಾರ್ಖಾನೆಯ 1000 ಸುತ್ತಿನ ವರದಿ ಅನ್ವಯಿಸುವುದಿಲ್ಲ. ಮೆಕ್ಯಾನಿಕ್ ಹಲಗೆಯನ್ನು ದೀಪದ ಕೆಳಗೆ ಹಿಡಿದು, ಬೆಸುಗೆ ಹೊಳೆಯುತ್ತಿದೆಯೇ ಎಂದು ನೋಡಿ ಕವಚ ಮುಚ್ಚುತ್ತಾನೆ.