ಮಳೆಗೆ ಸೋತ ಬಂದೂಕು

ಅಮೆರಿಕದ ಸ್ವಾತಂತ್ರ್ಯ ಯುದ್ಧ ಅಂದ್ರೆ ಸಿನಿಮಾಗಳಲ್ಲಿ ಸಾಲುಗಟ್ಟಿ ನಿಂತ ಸೈನಿಕರು, ಢಂ ಢಂ ಸದ್ದು, ದಟ್ಟ ಹೊಗೆ. ನನ್ನನ್ನು ಹೆಚ್ಚು ಕಾಡೋದು ಮಾತ್ರ ಬಂದೂಕುಗಳು ಕೈಕೊಟ್ಟ ಒಂದು ವಾರ.

ಮೊದಲು ಆ ಬಂದೂಕಿನ ವಿಷಯ. ವಾಷಿಂಗ್ಟನ್ ಸೈನಿಕರ ಕೈಯಲ್ಲಿದ್ದದ್ದು ಫ್ಲಿಂಟ್‌ಲಾಕ್ ಮಸ್ಕೆಟ್. ಬ್ರಿಟಿಷರ ‘ಬ್ರೌನ್ ಬೆಸ್’, ಫ್ರಾನ್ಸಿನಿಂದ ಬಂದ ‘ಶಾರ್ಲ್‌ವಿಲ್’, ಜೊತೆಗೆ ಅಲ್ಲಲ್ಲೇ ತಯಾರಾದವು. ಮದ್ದು, ಗುಂಡು ಎರಡನ್ನೂ ಕಾಗದದಲ್ಲಿ ಸುತ್ತಿದ ತೋಟಾವನ್ನು ಹಲ್ಲಿನಿಂದ ಕಚ್ಚಿ ಹರೀಬೇಕು. ಚೂರು ಮದ್ದನ್ನು ಪಕ್ಕದ ಪುಟ್ಟ ಬಟ್ಟಲಿಗೆ ಸುರಿದು, ಉಳಿದದ್ದನ್ನು ಗುಂಡಿನ ಸಮೇತ ನಳಿಗೆಗೆ ಹಾಕಿ, ಸರಳಿನಿಂದ ಜಡೀಬೇಕು. ಟ್ರಿಗರ್ ಎಳೆದರೆ ಚಕಮಕಿ ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರುತ್ತೆ, ಬಟ್ಟಲಿನ ಮದ್ದು ಹೊತ್ತಿಕೊಳ್ಳುತ್ತೆ, ಸಣ್ಣ ತೂತಿನಿಂದ ಬೆಂಕಿ ಒಳಗಿಳಿಯುತ್ತೆ. ಪಳಗಿದವನು ನಿಮಿಷಕ್ಕೆ 3 ಸಲ ಹೊಡೀತಿದ್ದ. ಆದರೆ ಮದ್ದು ಒದ್ದೆಯಾದರೆ ಎಲ್ಲ ಮುಗೀತು.

1777ರ ಸೆಪ್ಟೆಂಬರ್ 11ರಂದು ಬ್ರಾಂಡಿವೈನ್‌ನಲ್ಲಿ ಸೋತ ವಾಷಿಂಗ್ಟನ್, ರಾಜಧಾನಿ ಫಿಲಡೆಲ್ಫಿಯಾ ಉಳಿಸಿಕೊಳ್ಳಲು 16ರಂದು ಮತ್ತೆ ಬ್ರಿಟಿಷರಿಗೆ ಎದುರಾದ. ಕದನ ಶುರುವಾಗೋ ಹೊತ್ತಿಗೆ ಆಕಾಶವೇ ಹರಿದಂತೆ ಮಳೆ. ಅಮೆರಿಕನ್ನರ ತೋಟಾ ಪೆಟ್ಟಿಗೆಗಳೊಳಗೆ ನೀರು ಇಳಿಯಿತು. 4 ಲಕ್ಷಕ್ಕೂ ಹೆಚ್ಚು ತೋಟಾ ಹಾಳಾದವು, ಇದಕ್ಕೆಲ್ಲ ಕಳಪೆ ಪೆಟ್ಟಿಗೆಗಳೇ ಕಾರಣ ಅಂತ ಫಿರಂಗಿ ದಳದ ಮುಖ್ಯಸ್ಥ ಹೆನ್ರಿ ನಾಕ್ಸ್ ಹೆಂಡತಿಗೆ ಪತ್ರ ಬರೆದ. ಹೊಸ ತೋಟಾ ಹುಡುಕಿಕೊಂಡು ಸೈನ್ಯ ಹಿಂದೆ ಸರಿಯಿತು. ಸರಿಯಾಗಿ ನಡೆಯದೇ ಹೋದ ಈ ಕಾಳಗಕ್ಕೆ ‘ಮೋಡಗಳ ಕದನ’ ಅಂತಲೇ ಹೆಸರು.

20ರ ರಾತ್ರಿ ಪಾವೋಲಿ ಬಳಿ ಬೀಡುಬಿಟ್ಟಿದ್ದ ಆಂಟನಿ ವೇಯ್ನ್‌ನ ಪಡೆಯ ಮೇಲೆ ಬ್ರಿಟಿಷ್ ಜನರಲ್ ಚಾರ್ಲ್ಸ್ ಗ್ರೇ ಎರಗಿದ. ಯಾರದಾದರೂ ಗುಂಡು ಹಾರಿ ಗುಟ್ಟು ರಟ್ಟಾಗಬಾರದಲ್ಲ? ಬಂದೂಕುಗಳನ್ನು ಮೊದಲೇ ಖಾಲಿ ಮಾಡಿಸಿದ್ದ, ಖಾಲಿಯಾಗದವುಗಳಿಂದ ಚಕಮಕಿ ಕಲ್ಲನ್ನೇ ತೆಗೆಸಿದ್ದ. ಕತ್ತಲಲ್ಲಿ ಬಯೊನೆಟ್‌ಗಳು ಕೆಲಸ ಮುಗಿಸಿದವು. 50ಕ್ಕೂ ಹೆಚ್ಚು ಅಮೆರಿಕನ್ನರು ಸತ್ತರು. ಗ್ರೇಗೆ ‘ನೋ ಫ್ಲಿಂಟ್’ ಎಂಬ ಅಡ್ಡಹೆಸರು ಅಂಟಿಕೊಂಡಿತು. 26ಕ್ಕೆ ಫಿಲಡೆಲ್ಫಿಯಾ ಕೈತಪ್ಪಿತು.

ಸೇನಾಪತಿಗಳ ಜಾಣ್ಮೆ, ದಡ್ಡತನದ ಬಗ್ಗೆ ನಾವು ಪುಟಗಟ್ಟಲೆ ಓದುತ್ತೇವೆ. ಪೆಟ್ಟಿಗೆಯ ಚರ್ಮ ಎಷ್ಟು ದಪ್ಪ ಇತ್ತು, ಮುಚ್ಚಳ ಸರಿಯಾಗಿ ಕೂರ್ತಿತ್ತಾ ಅಂತ ಕೇಳೋರು ಕಡಿಮೆ. ಆ ವಾರದ ಮಟ್ಟಿಗೆ ಅದೇ ದೊಡ್ಡ ಪ್ರಶ್ನೆಯಾಗಿತ್ತು.

ವೇಯ್ನ್ ಮಾತ್ರ ಆ ರಾತ್ರಿಯನ್ನು ಮರೆತಂತೆ ಕಾಣಲ್ಲ. 1779ರ ಜುಲೈನಲ್ಲಿ ಹಡ್ಸನ್ ನದಿ ದಡದ ಸ್ಟೋನಿ ಪಾಯಿಂಟ್ ಕೋಟೆಗೆ ನಡುರಾತ್ರಿ ನುಗ್ಗಿ ಗೆದ್ದದ್ದು ಅವನೇ. ಮುಖ್ಯ ದಾಳಿಗೆ ಹೊರಟ ಅವನ ಸೈನಿಕರ ಬಂದೂಕುಗಳಲ್ಲಿ ಬಯೊನೆಟ್ ಇತ್ತು, ಗುಂಡಿರಲಿಲ್ಲ.