ಹೇರೆತ್ತಿನ ತಾಂಡಾ ಮತ್ತು ಅದರ ವಿಕ್ರಯ: ಕೊಪ್ಪಳ ಸೀಮೆಯ ಸಂಚಾರಿ ಜೀವನದ ಒಂದು ಅಧ್ಯಾಯ

ದಕ್ಷಿಣಾಪಥದ ಸಾಗಾಣಿಕೆಯ ಇತಿಹಾಸವನ್ನು ಬರೆಯುವವರು ಲಂಬಾಣಿಗರ ಹೇರೆತ್ತುಗಳನ್ನು ಕುರಿತು ಒಂದೆರಡು ಮಾತುಗಳನ್ನಾಡದೆ ಮುಂದೆ ಹೋಗುವುದು ಅಪರೂಪ. ರಸ್ತೆಗಳೂ ರೈಲುದಾರಿಯೂ ಬಂದವು, ಹೇರಿನ ವ್ಯಾಪಾರವು ನಿಂತಿತು, ಲಂಬಾಣಿಗರು ಒಕ್ಕಲುತನಕ್ಕೂ ಕೂಲಿಗೂ ಇಳಿದರು ಎಂಬಲ್ಲಿಗೆ ಆ ಮಾತು ಸಾಮಾನ್ಯವಾಗಿ ಮುಗಿಯುತ್ತದೆ. ಇದು ಸುಳ್ಳಲ್ಲ. ಆದರೆ ವ್ಯಾಪಾರವು ನಿಂತ ಮೇಲೆ ಸಾವಿರಾರು ಎತ್ತುಗಳೇನಾದವು, ಅವುಗಳ ಬೆನ್ನಿನ ಮೇಲಿದ್ದ ಸರಂಜಾಮೇನಾಯಿತು ಎಂಬ ಪ್ರಶ್ನೆ ಅಲ್ಲಿ ಉಳಿದುಹೋಗುತ್ತದೆ. ಎತ್ತು ಲಂಬಾಣಿಗನಿಗೆ ಕೇವಲ ವಾಹನವಾಗಿರಲಿಲ್ಲ. ಅದು ಅವನ ಮನೆಯೂ ಮೂಲಧನವೂ ಆಗಿತ್ತು. ಆದುದರಿಂದ ಎತ್ತುಗಳ ಮಾರಾಟವು ಸರಕಿನ ಮಾರಾಟದಂತಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕು ತಾಲೂಕುಗಳ ಸೀಮೆಯನ್ನು ಮುಂದಿಟ್ಟುಕೊಂಡು ಆ ವಿಕ್ರಯದ ಸ್ವರೂಪವನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಸೀಮೆಯಲ್ಲಿ ಹೇರು ಹೊತ್ತ ಎತ್ತು ಲಂಬಾಣಿಗರಿಗಿಂತ ಬಹಳ ಹಳೆಯದು. ಅಯ್ಯಾವೊಳೆಯ ಐನೂರ್ವರ ಶಾಸನಗಳಲ್ಲಿ ಸುಂಕವನ್ನೂ ದತ್ತಿಯನ್ನೂ ಹೇರಿನ ಲೆಕ್ಕದಲ್ಲಿಯೇ ಹೇಳಿರುವುದು ಶಾಸನಾಭ್ಯಾಸಿಗಳಿಗೆ ವಿದಿತವಾದ ಸಂಗತಿ. ಸಾರ್ಥ, ಸಾರ್ಥವಾಹ ಎಂಬ ಶಬ್ದಗಳು ನಮ್ಮ ಕಾವ್ಯಗಳಿಗೆ ಹೊಸವಲ್ಲ. ಕ್ರಿ. ಶ. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ತುಗೀಸ ಪ್ರವಾಸಿ ಡೊಮಿಂಗೋ ಪಾಯಿಸನು, ಬೀದಿಗಳಲ್ಲಿ ಹೇರೆತ್ತುಗಳ ಸಂದಣಿ ಎಷ್ಟಿತ್ತೆಂದರೆ ಅವು ಹಾದುಹೋಗುವವರೆಗೆ ನಿಂತು ಕಾಯಬೇಕಾಗುತ್ತಿತ್ತು ಎಂದು ಹೇಳುತ್ತಾನೆ. ಹೊಳೆಯ ಈಚೆ ದಡದ ಆನೆಗೊಂದಿಯು ಗಂಗಾವತಿ ತಾಲೂಕಿನಲ್ಲಿದೆ. ರಾಯಚೂರು ದೋಆಬದ ಧಾನ್ಯವು ಆ ಮಹಾನಗರಕ್ಕೆ ಹೋಗುವ ದಾರಿಗಳಲ್ಲಿ ಈ ಸೀಮೆಯದೂ ಒಂದಾಗಿದ್ದಿರಬೇಕು. ಐನೂರ್ವರ ಸಾರ್ಥಕ್ಕೂ ಲಂಬಾಣಿಗರ ತಾಂಡಾಕ್ಕೂ ಒಂದು ಭೇದವಿದೆ. ಸೆಟ್ಟಿಗೆ ಊರಿನಲ್ಲಿ ಮನೆಯಿತ್ತು. ಅವನ ಹೇರುಗಳು ಹೋಗಿ ಬರುತ್ತಿದ್ದವು. ಲಂಬಾಣಿಗನಿಗೆ ಹೋಗಿ ಸೇರಬೇಕಾದ ಬೇರೆ ಮನೆ ಇರಲಿಲ್ಲ.

ಈ ಭೇದವನ್ನು ಸ್ಪಷ್ಟವಾಗಿ ಗುರುತಿಸಿದವರಲ್ಲಿ ಇಂಗ್ಲಿಷ್ ವ್ಯಾಪಾರಿ ಪೀಟರ್ ಮಂಡಿಯು ಮುಖ್ಯನು. 1632ರಲ್ಲಿ ಉತ್ತರ ಹಿಂದೂಸ್ಥಾನದಲ್ಲಿ ಪ್ರಯಾಣ ಮಾಡುತ್ತಿದ್ದಾಗ ಅವನು ಹದಿನಾಲ್ಕು ಸಾವಿರ ಎತ್ತುಗಳ ಒಂದು ತಾಂಡಾವನ್ನು ಕಂಡನು. ಹೆಂಡಿರು ಮಕ್ಕಳು ಸಹಿತ ಇಡೀ ಸಂಸಾರವನ್ನು ಜೊತೆಯಲ್ಲಿಯೇ ಕೊಂಡೊಯ್ಯುವರೆಂದೂ, ದಿನಕ್ಕೆ ಆರೇಳು ಮೈಲಿಗಿಂತ ಹೆಚ್ಚು ನಡೆಯುವುದಿಲ್ಲವೆಂದೂ, ಕೆಲವೊಮ್ಮೆ ವರ್ತಕರ ಬಾಡಿಗೆಗೆ ದುಡಿದರೂ ಹೆಚ್ಚಾಗಿ ತಾವೇ ವರ್ತಕರಾಗಿ ಅಗ್ಗವಿದ್ದಲ್ಲಿ ಕೊಂಡು ತುಟ್ಟಿಯಿದ್ದಲ್ಲಿ ಮಾರುವರೆಂದೂ ಅವನು ಬರೆದಿಟ್ಟಿದ್ದಾನೆ. ಎತ್ತುಗಳು ಅವರ ಸ್ವಂತದವು ಎಂಬ ಮಾತನ್ನು ಅವನು ಮರೆತಿಲ್ಲ. ಅದೇ ಶತಮಾನದ ಫ್ರೆಂಚ್ ರತ್ನವ್ಯಾಪಾರಿ ತಾವೆರ್ನಿಯೇಯೂ ಹತ್ತು ಹನ್ನೆರಡು ಸಾವಿರ ಎತ್ತುಗಳ ಸಾಲುಗಳನ್ನು ವರ್ಣಿಸಿದ್ದಾನೆ. ಇಬ್ಬರೂ ಕಂಡದ್ದು ಒಂದೇ ವ್ಯವಸ್ಥೆಯನ್ನಾದುದರಿಂದ ಮಂಡಿಯ ಮಾತನ್ನು ದಖ್ಖಣಕ್ಕೂ ಅನ್ವಯಿಸುವುದರಲ್ಲಿ ತಪ್ಪಿಲ್ಲವೆಂದು ನಾವು ಭಾವಿಸುತ್ತೇವೆ.

ಈ ನಡೆಯುವ ಮನೆಯ ರಚನೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಎತ್ತಿನ ಬೆನ್ನಿನ ಮೇಲೆ ಮೆತ್ತನೆಯ ಹಾಸು. ಅದರ ಮೇಲೆ ಎರಡು ಪಕ್ಕಗಳಿಗೂ ಸಮನಾಗಿ ತೂಗುವ ಕಂಟಲೆ. ಕಂಟಲೆಯ ಎರಡು ಚೀಲಗಳ ತೂಕ ಒಂದಿಷ್ಟು ಹೆಚ್ಚುಕಡಿಮೆಯಾದರೂ ಎತ್ತಿನ ಬೆನ್ನು ಹುಣ್ಣಾಗುವುದು. ಹುಣ್ಣಾದ ಎತ್ತು ತಾಂಡಾಕ್ಕೆ ಭಾರವಾಗುವುದು. ಸಂಜೆಗೆ ಇಳಿದಾಗ ಧಾನ್ಯದ ಚೀಲಗಳನ್ನು ಸುತ್ತಲೂ ಗೋಡೆಯಂತೆ ಒಟ್ಟಿ, ಮೇಲೆ ಕಂಬಳಿಯನ್ನೋ ಗೋಣಿತಟ್ಟನ್ನೋ ಎಳೆದು, ಒಳಗೆ ಸಂಸಾರ ಮಾಡುತ್ತಿದ್ದರು. ಅಂದರೆ ಮಾರಬೇಕಾದ ಸರಕೇ ಆ ರಾತ್ರಿಯ ಗೋಡೆ. ಸರಕು ಮಾರಿಹೋದ ದಿನ ಗೋಡೆಯೂ ಹೋಗಿ, ಮರಳಿ ಕೊಂಡ ಉಪ್ಪಿನ ಚೀಲಗಳಿಂದ ಇನ್ನೊಂದು ಗೋಡೆಯು ಏಳುತ್ತಿತ್ತು. ಮಳೆಗಾಲದಲ್ಲಿ ಕರಿನೆಲದ ದಾರಿಗಳು ಕೆಸರಾಗಿ ನಡೆಯಲು ಬಾರದೆ, ಹುಲ್ಲುಗಾವಲಿರುವ ಕಡೆ ತಾಂಡಾವು ಬೀಡು ಬಿಡುತ್ತಿತ್ತು. ಹಸುಗಳು ಕರು ಹಾಕುವುದು, ಹೋರಿಗಳಿಗೆ ಹೇರು ಹೊರುವುದನ್ನು ಕಲಿಸುವುದು, ಹೆಂಗಸರು ಚೀಲಗಳನ್ನು ಹೊಲಿಯುವುದು ಈ ಬಿಡುವಿನ ಕೆಲಸಗಳು. ಬಂಡಿಯನ್ನು ಬಡಗಿ ಮಾಡಿಕೊಡಬೇಕು. ತಾಂಡಾದ ವಾಹನವಾದರೋ ತಾಂಡಾದಲ್ಲಿಯೇ ಹುಟ್ಟುತ್ತಿತ್ತು. ಮುಂದೆ ಹೇಳಲಿರುವ ವಿಕ್ರಯದ ರೀತಿಗೆ ಇದೇ ಕಾರಣವಾಯಿತು.

ಸೈನ್ಯಗಳಿಗೆ ತಾಂಡಾಗಳು ಎಷ್ಟು ಅವಶ್ಯವಾಗಿದ್ದವೆಂಬುದಕ್ಕೆ ಒಂದು ಐತಿಹ್ಯವಿದೆ. ಮೊಗಲ ಸರದಾರ ಆಸಫ ಖಾನನು 1630ರ ಸುಮಾರಿಗೆ ದಖ್ಖಣದ ದಂಡಯಾತ್ರೆಗೆ ಬಂದಾಗ ಭಂಗಿ, ಜಂಗಿ ಎಂಬ ನಾಯಕರು ಒಂದು ಲಕ್ಷ ಎಂಬತ್ತು ಸಾವಿರ ಎತ್ತುಗಳೊಡನೆ ಜೊತೆಯಲ್ಲಿದ್ದರೆಂದೂ, ಅವರಿಗೆ ರಾಂಜಣದ ನೀರು, ಮಾಡಿನ ಹುಲ್ಲು ಕೊನೆಗೆ ದಿನಕ್ಕೆ ಮೂರು ಕೊಲೆಗಳ ಕ್ಷಮೆಯನ್ನೂ ತಾಮ್ರಪಟದಲ್ಲಿ ಬರೆಯಿಸಿ ಕೊಟ್ಟನೆಂದೂ ಹೇಳುತ್ತಾರೆ. ಎತ್ತುಗಳ ಈ ಸಂಖ್ಯೆಯನ್ನು ಅಕ್ಷರಶಃ ನಂಬುವುದು ಕಷ್ಟ. ಪಟದ ಮಾತು ಹಾಗಿರಲಿ, ತಮ್ಮ ಚಾಳಿಗೆ ಸನ್ನದಿನ ಬಲವಿತ್ತೆಂದು ಲಂಬಾಣಿಗರು ತಲೆಮಾರುಗಳ ಕಾಲ ನಂಬಿದ್ದರೆಂಬುದೇ ಇಲ್ಲಿ ಗಮನಾರ್ಹ.

ನಮ್ಮ ಸೀಮೆಯ ಪ್ರತ್ಯಕ್ಷ ಪ್ರಸಂಗವೊಂದು 1800ರದು. ಆ ವರ್ಷ ಧೋಂಡಿಯಾ ವಾಘನನ್ನು ಬೆನ್ನಟ್ಟಿದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯು ಮಲಪ್ರಭೆಯನ್ನು ದಾಟಿ ಸೆಪ್ಟೆಂಬರ್ 5ರಂದು ಹನುಮಸಾಗರದಲ್ಲಿಯೂ 7ರಂದು ಕನಕಗಿರಿಯಲ್ಲಿಯೂ ಇಳಿದಿದ್ದನು. ಧೋಂಡಿಯಾ ಕನಕಗಿರಿ ಕೊಪ್ಪಳಗಳ ದಾರಿಯಾಗಿ ಸವಣೂರಿನ ಕಡೆಗೆ ನುಸುಳಬಹುದೆಂಬುದು ಅವನ ಶಂಕೆ. 10ರಂದು ಕೋಣಗಲ್ಲಿನಲ್ಲಿ ಯುದ್ಧವಾಗಿ ಧೋಂಡಿಯಾ ಮಡಿದನು. ಹನುಮಸಾಗರವು ಕುಷ್ಟಗಿ ತಾಲೂಕಿನ ಊರು. ಬಹುಕಾಲ ಗಂಗಾವತಿ ತಾಲೂಕಿನಲ್ಲಿದ್ದ ಕನಕಗಿರಿ ಈಗ ತಾನೇ ಒಂದು ತಾಲೂಕು. ಈ ದಂಡಯಾತ್ರೆಯ ಕಾಲದ ವೆಲ್ಲೆಸ್ಲಿಯ ಪತ್ರವ್ಯವಹಾರದಲ್ಲಿ ಬ್ರಿಂಜಾರಿಗಳ ಮಾತು ಮತ್ತೆ ಮತ್ತೆ ಬರುತ್ತದೆ. ಅವರಿಲ್ಲದೆ ಸೈನ್ಯಕ್ಕೆ ಅಕ್ಕಿಯಿಲ್ಲ. ಹಾಗೆಂದು ಅವರು ಸೈನ್ಯದ ನೌಕರರೂ ಅಲ್ಲ. ಲಾಭ ಕಂಡರೆ ಬರುವರು, ಇಲ್ಲವಾದರೆ ಇಲ್ಲ. ಸ್ವಂತ ಎತ್ತುಳ್ಳವನ ಈ ಸ್ವಾತಂತ್ರ್ಯವು ಸೇನಾಪತಿಗಳಿಗೆ ತಲೆನೋವಾಗಿದ್ದುದು ಸಹಜ.

ಅವನತಿಯ ಕಾರಣಗಳು ಪರಿಚಿತವಾದುವಾದ್ದರಿಂದ ಸಂಕ್ಷೇಪವಾಗಿ ಹೇಳಿದರೆ ಸಾಕು. ಮದ್ರಾಸು ಸರಕಾರವು 1805ರಲ್ಲಿ ಉಪ್ಪನ್ನು ತನ್ನ ಏಕಸ್ವಾಮ್ಯಕ್ಕೆ ತೆಗೆದುಕೊಂಡಿತು. ಸಂಸ್ಥಾನಿಕರ ಯುದ್ಧಗಳು ಮುಗಿದು ಪಾಳೆಯಗಳ ಗಿರಾಕಿ ತಪ್ಪಿತು. ರಸ್ತೆಗಳಾದ ಮೇಲೆ ಒಂದು ಜೋಡಿಯ ಬಂಡಿ ಹಲವು ಹೇರೆತ್ತುಗಳ ಕೆಲಸವನ್ನು ಮಾಡತೊಡಗಿತು. 1871ರಲ್ಲಿ ಮುಂಬಯಿ ಮದ್ರಾಸುಗಳ ರೈಲುದಾರಿಗಳು ರಾಯಚೂರಿನಲ್ಲಿ ಕೂಡಿದವು. 1876-78ರ ಬರದಲ್ಲಿ ದನಗಳು ಲೆಕ್ಕವಿಲ್ಲದಷ್ಟು ಸತ್ತವು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲುದಾರಿಯು ಹೊಸಪೇಟೆ ಗದಗುಗಳನ್ನು ಕೊಪ್ಪಳದ ಮೂಲಕ ಜೋಡಿಸಿತು. ಆಗ ಕೊಪ್ಪಳವೂ ಯಲಬುರ್ಗಾವೂ ನಿಜಾಮರಾಜ್ಯದಲ್ಲಿ ಸಾಲಾರ ಜಂಗರ ಜಹಗೀರಿಗೆ ಸೇರಿದ್ದವು.

ಈಗ ವಿಕ್ರಯದ ವಿಚಾರ. ತಾಂಡಾವು ಒಂದು ದಿನ ತನ್ನ ಎತ್ತುಗಳನ್ನೆಲ್ಲ ಮಾರಿ ಕೈತೊಳೆದುಕೊಂಡಿತೆಂದು ಭಾವಿಸಬಾರದು. ವಾಹನವೇ ಮರಿಹಾಕುವ ವಾಹನವಾದುದರಿಂದ ಮೊದಲು ಮಾರಲ್ಪಟ್ಟದ್ದು ಹೆಚ್ಚಳವು, ಎಂದರೆ ಹೇರಿಗೆ ಬೇಡವಾದ ಹೋರಿಗಳು. ಹತ್ತೊಂಬತ್ತನೆಯ ಶತಮಾನದ ಕೊನೆಯ ಮತ್ತು ಇಪ್ಪತ್ತನೆಯ ಶತಮಾನದ ಮೊದಲಿನ ಗ್ಯಾಸೆಟಿಯರುಗಳೂ ಜಾತಿವರ್ಣನೆಯ ಗ್ರಂಥಗಳೂ ಲಂಬಾಣಿಗರನ್ನು ದನ ಸಾಕುವವರು, ದನ ಮಾರುವವರು ಎಂದು ಬಣ್ಣಿಸುವುದನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಅವರು ಹೊಸ ಕಸುಬನ್ನು ಹಿಡಿದಿರಲಿಲ್ಲ. ಹಳೆಯ ಕಸುಬಿನ ಉಪಕರಣವನ್ನೇ ಮಾರಿಕೊಂಡು ಬಾಳುತ್ತಿದ್ದರು. ಆ ಮೇಲೆ ಮೂಲಧನಕ್ಕೇ ಕೈಬಿದ್ದಿತು.

ಕೊಳ್ಳುವವನು ಒಕ್ಕಲಿಗ. ಅವನಿಗೆ ಬೇಕಾದುದು ನೇಗಿಲೆತ್ತು. ಈ ಸೀಮೆಯ ಕರಿನೆಲವನ್ನು ಆಳವಾಗಿ ಉಳಲು ಭಾರಿ ನೇಗಿಲೂ ಭಾರಿ ಎತ್ತುಗಳೂ ಬೇಕು. ಹೇರೆತ್ತು ನಡೆಯುವುದರಲ್ಲಿ ಗಟ್ಟಿಯಾದರೂ ಮೈಯಲ್ಲಿ ಹಗುರ. ಆದಕಾರಣ ಮಸಾರಿ ನೆಲದ ಸಣ್ಣ ರೈತನೇ ಅದಕ್ಕೆ ತಕ್ಕ ಗಿರಾಕಿಯಾಗಿರಬೇಕೆಂಬುದು ನಮ್ಮ ಊಹೆ. ಸಣ್ಣ ರೈತನ ಕೈಯಲ್ಲಿ ದೊಡ್ಡ ಬೆಲೆ ಇರುವುದಿಲ್ಲ. ದನದ ಸಂತೆಯಲ್ಲಿ ಬೆಲೆಯ ಮಾತು ಬಾಯಿಂದ ಆಗುವುದಲ್ಲ. ದಲಾಲಿಯು ವಲ್ಲಿಯ ಮರೆಯಲ್ಲಿ ಕೈಹಿಡಿದು ಬೆರಳುಗಳಿಂದ ಬೆಲೆ ಕೇಳುವನು. ಆ ಬೆರಳುಗಳು ಹಲ್ಲು, ಸುಳಿ, ನಡಿಗೆಗಳಿಗೆ ಬೆಲೆ ಕಟ್ಟುವುವು. ನೂರು ಎತ್ತುಗಳು ಒಂದರ ಹಿಂದೊಂದು ಗಂಟೆಯ ನಾದವನ್ನನುಸರಿಸಿ ನಡೆಯುವ ಶಿಕ್ಷಣಕ್ಕೆ, ಬೆನ್ನಿಗೆ ಸರಿಯಾಗಿ ಹೊಲಿದ ಕಂಟಲೆಗೆ, ದಾರಿಯ ನೀರುನೆರಳುಗಳ ಅರಿವಿಗೆ ಸಂತೆಯಲ್ಲಿ ಬೆರಳಿಲ್ಲ. ಇಂದು ಲಾರಿಯ ಮೇಲೆ ಅಡುಗೆಮನೆ, ಮಲಗುವ ಮಂಚ, ನೀರಿನ ತೊಟ್ಟಿಗಳನ್ನು ಕಟ್ಟಿಸಿಕೊಂಡು ದೇಶ ಸುತ್ತುವವನು ಅದನ್ನು ಮಾರಿದರೆ, ಕೊಳ್ಳುವವನಿಗೆ ಮನೆಯು ಮನೆಯಾಗಿಯೇ ಸಿಗುತ್ತದೆ. ತಾಂಡಾದ ಮನೆಯಾದರೋ ಬಿಡಿಬಿಡಿಯಾಗಿ ಮಾರಲ್ಪಟ್ಟಿತು; ಒಟ್ಟಾಗಿ ಕೊಳ್ಳುವವರು ಅದಕ್ಕೆ ಯಾರೂ ಇರಲಿಲ್ಲ.

ಮಾರಬಾರದ ಎತ್ತೂ ಒಂದಿತ್ತು. ವಣಿ ಜಿಲ್ಲೆಯ ಲಂಬಾಣಿಗರನ್ನು ಕುರಿತು 1882ರಲ್ಲಿ ಬರೆದ ಕಂಬರ್‌ಲೆಜನು ಹಟಾಡಿಯಾ ಎಂಬ ದೇವರೆತ್ತನ್ನು ವರ್ಣಿಸಿದ್ದಾನೆ. ಅದನ್ನು ಬಾಲಾಜಿಗೆ ಮೀಸಲಾಗಿ ಬಿಟ್ಟಿರುವುದರಿಂದ ಅದರ ಬೆನ್ನ ಮೇಲೆ ಎಂದೂ ಹೇರಿಲ್ಲ. ಕೆಂಪು ರೇಷ್ಮೆಯ ಕುಚ್ಚು, ಕವಡೆಯ ಸರ, ಹಿತ್ತಾಳೆಯ ಗಂಟೆಗಳಿಂದ ಸಿಂಗರಿಸಲ್ಪಟ್ಟು ಅದು ತಾಂಡಾದೊಡನೆ ನಡೆಯುವುದು. ರೋಗಿಗಳು ಅದರ ಕಾಲಿಗೆ ಬೀಳುವರು. ವಾಹನಗಳ ನಡುವೆ ವಾಹನವಲ್ಲದ ಒಂದನ್ನು ಇಟ್ಟುಕೊಳ್ಳುವ ಈ ಪದ್ಧತಿಯ ಅರ್ಥವನ್ನು ಇತರ ಸಂಚಾರಿ ಜನರ ನಡೆವಳಿಯೊಡನೆ ಹೋಲಿಸಿ ನೋಡಬಹುದು. ಇಂಗ್ಲೆಂಡಿನ ರೋಮಾನಿ ಜನರಲ್ಲಿ ಯಜಮಾನನು ಸತ್ತರೆ ಅವನು ವಾಸಿಸುತ್ತಿದ್ದ ಬಂಡಿಯನ್ನು ಮಾರದೆ ಸುಟ್ಟುಬಿಡುವ ರೂಢಿಯು ಇಪ್ಪತ್ತನೆಯ ಶತಮಾನದವರೆಗೂ ಇದ್ದಿತು.

ಹೋಲಿಕೆಗೆ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಕೊಪ್ಪಳ ತಾಲೂಕಿನ ಮೋರನಾಳದಲ್ಲಿ ತೊಗಲುಗೊಂಬೆಯಾಟದ ಕಿಳ್ಳೇಕ್ಯಾತರ ಮನೆಗಳಿವೆ. ಊರಿಂದೂರಿಗೆ ಗೊಂಬೆಯ ಪೆಟ್ಟಿಗೆಯೊಡನೆ ಅಲೆದ ಈ ಕುಲದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಿತು. ಜೀರ್ಣವಾದ ಗೊಂಬೆಯನ್ನು ಹೊಳೆಗೆ ಬಿಡುವುದು ಗೊಂಬೆರಾಮರ ಹಳೆಯ ಸಂಪ್ರದಾಯ. ಆಟಕ್ಕೆ ಕರೆ ಬರುವುದು ಕಡಿಮೆಯಾದಂತೆ, ಹೊಳೆಗೆ ಹೋಗಬೇಕಾದ ಗೊಂಬೆಗಳು ಸಂಗ್ರಾಹಕರ ಕೈಸೇರಿದವು. ಎಂ. ಎಸ್. ನಂಜುಂಡರಾಯರು ಬೆಂಗಳೂರಿನ ಚಿತ್ರಕಲಾ ಪರಿಷತ್ತಿಗಾಗಿ ಕೂಡಿಸಿದ ಸಂಗ್ರಹದಿಂದ ನೂರಾರು ಗೊಂಬೆಗಳು ಉಳಿದುಕೊಂಡವೆಂಬುದು ನಿಜ. ಆದರೆ ಗೋಡೆಯ ಮೇಲಿನ ಗೊಂಬೆಗೆ ಹಿಂದೆ ದೀಪವೂ ಇಲ್ಲ, ಹಾಡುವವರೂ ಇಲ್ಲ.

ಹೇರೆತ್ತಿನ ಸರಂಜಾಮಿನ ಗತಿಯೂ ಹೀಗೆಯೇ ಆಯಿತು. ಒಕ್ಕಲಿಗನಿಗೆ ಎತ್ತು ಬೇಕಾಗಿತ್ತೇ ಹೊರತು ಕವಡೆ ಕನ್ನಡಿ ಹೊಲಿದ ಹಣೆಪಟ್ಟಿಯಾಗಲಿ ಕೋಡಿನ ಕುಪ್ಪಸವಾಗಲಿ ಬೇಕಾಗಿರಲಿಲ್ಲ. ಎತ್ತುಗಳು ಹೋದ ಮೇಲೂ ಅವು ಮನೆಯಲ್ಲಿ ಉಳಿದವು. ಮುಂದೆ ಹಳೆಯ ಬಟ್ಟೆಬರೆಯ ವ್ಯಾಪಾರಿಗಳು ಬಂದು ಕೊಂಡರು. ಇಂದು ದೇಶವಿದೇಶಗಳ ವಸ್ತುಸಂಗ್ರಹಾಲಯಗಳಲ್ಲಿ ಎತ್ತಿಲ್ಲದ ಎತ್ತಿನ ಸಿಂಗಾರವನ್ನು ಕಾಣಬಹುದು. ಆದರೆ ಹೊಲಿಯುವ ಕೈಗಳು ಮಾರಾಟವಾಗಿರಲಿಲ್ಲ. ತುಂಗಭದ್ರೆಯ ಆಚೆಯ ಸಂಡೂರಿನಲ್ಲಿ 1980ರ ದಶಕದಲ್ಲಿ ಮೊದಲಾದ ಕುಶಲಕಲಾ ಕೇಂದ್ರವು ಆ ಕಸೂತಿಗೆ ಹೊಸ ಮಾರುಕಟ್ಟೆಯನ್ನು ಒದಗಿಸಿತು. 2010ರಲ್ಲಿ ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆಯು ನಡೆದಾಗ ಅಲ್ಲಿ ಪ್ರದರ್ಶಿಸಿದ 1755 ಲಂಬಾಣಿ ವಸ್ತುಗಳು ಗಿನ್ನೆಸ್ ದಾಖಲೆಗೆ ಸೇರಿದವು. ಪಾಯಿಸನು ಹೇರೆತ್ತುಗಳಿಗಾಗಿ ನಿಂತು ಕಾದ ನೆಲವೇ ಅದು.

ಎತ್ತು ಮಾರಿದ ಹಣದಿಂದ ಲಂಬಾಣಿಗನಿಗೆ ನೆಲ ಸಿಕ್ಕಿತೇ? ಒಳ್ಳೆಯ ನೆಲವು ಅಷ್ಟರಲ್ಲಿ ಇತರರ ಕೈಯಲ್ಲಿತ್ತು. ಊರಿನಿಂದ ದೂರ, ಗುಡ್ಡದ ಬುಡದಲ್ಲಿ, ಕಲ್ಲುನೆಲದಲ್ಲಿ ಮಳೆಗಾಲದ ಬೀಡುಗಳೇ ಕಾಯಂ ವಸತಿಗಳಾದವು. ನಡೆಯುವ ಸಾಲಿಗೆ ಹೆಸರಾಗಿದ್ದ ತಾಂಡಾ ಎಂಬ ಶಬ್ದವು ನಿಂತ ಗುಡಿಸಲುಗಳಿಗೆ ಹೆಸರಾಯಿತು. ಅರ್ಥವು ಹೀಗೆ ತಲೆಕೆಳಗಾದ ಶಬ್ದಗಳು ನಮ್ಮಲ್ಲಿ ಹೆಚ್ಚಿಲ್ಲ. ಬ್ರಿಟಿಷ್ ಪ್ರಾಂತಗಳಲ್ಲಿ 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಅಲೆಮಾರಿಗಳ ಸಂಚಾರವನ್ನೇ ಸಂಶಯಕ್ಕೆ ಗುರಿಮಾಡಿತು. ಆ ಕಾಯಿದೆ ರದ್ದಾದುದು 1952ರಲ್ಲಿ. ನಡೆಯುವ ಮನೆಗೆ ಯಾವ ದಫ್ತರದಲ್ಲಿಯೂ ನಮೂದಿರಲಿಲ್ಲ. ನಿಂತ ಮನೆಗೂ ಬಹುಕಾಲ ಸಿಗಲಿಲ್ಲ. ಸರಕಾರವು 2009ರಲ್ಲಿ ತಾಂಡಾ ಅಭಿವೃದ್ಧಿ ನಿಗಮವನ್ನು ಸ್ಥಾಪಿಸಿತು. ತಾಂಡಾಗಳನ್ನು ಕಂದಾಯ ಗ್ರಾಮಗಳನ್ನಾಗಿ ಮಾಡಿ ನಿವಾಸಿಗಳಿಗೆ ಹಕ್ಕುಪತ್ರ ಕೊಡುವ ಕಾರ್ಯವು ಇತ್ತೀಚಿನ ವರ್ಷಗಳದು.

1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆಯ ಕಾಲುವೆಯ ನೀರು ಹರಿದ ಮೇಲೆ ಗಂಗಾವತಿಯ ಸುತ್ತಿನ ಬಯಲು ಭತ್ತದ ಕಣಜವಾಯಿತು. ಕುಷ್ಟಗಿ ಯಲಬುರ್ಗಾಗಳ ತಾಂಡಾಗಳು ಮಳೆಯನ್ನೇ ನಂಬಿ ಉಳಿದವು. ಸುಗ್ಗಿ ಮುಗಿದೊಡನೆ ಅಲ್ಲಿಯ ಅನೇಕ ಕುಟುಂಬಗಳು ಗುಳೆ ಹೊರಡುತ್ತವೆ. ಪಾತ್ರೆಪರಡಿ, ಹಾಸಿಗೆ, ಮಕ್ಕಳು, ಕೆಲವೊಮ್ಮೆ ಒಂದೆರಡು ಆಡುಗಳನ್ನೂ ಲಾರಿಗೆ ಏರಿಸಿಕೊಂಡು ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆ ಹೋಗಿ, ಹೊಲದ ಬದಿಯಲ್ಲಿ ತಾಡಪತ್ರೆಯ ಕೆಳಗೆ ತಿಂಗಳುಗಟ್ಟಲೆ ಸಂಸಾರ ಮಾಡಿ, ಮುಂಗಾರಿಗೆ ಮರಳುತ್ತವೆ. ಪೀಟರ್ ಮಂಡಿಯು ಕಂಡ ಸಂಗತಿಗಳಲ್ಲಿ ಬಹಳಷ್ಟು ಇಲ್ಲಿಯೂ ಇವೆ. ಲಾರಿ ಮಾತ್ರ ಅವರದಲ್ಲ.